ಪರಿವರ್ತಕದ ಎಣ್ಣೆ ಪರೀಕ್ಷೆ ಏಕೆ? – ಆವೇಶವಿಲ್ಲದ ಕಣಗಳನ್ನು ವಿದ್ಯುತ್ ಕ್ಷೇತ್ರವು ಎಳೆಯುವ ಬಗೆ

(ಜೊಯಿಡಾ ತಾಲ್ಲೂಕಿನ ಅರ್ಜಿದಾರರು ಹಾಗೂ ವಿದ್ಯುತ್ ಗ್ರಾಹಕರ ಮಾಹಿತಿಗಾಗಿ)

ಪೀಠಿಕೆ

ಉಚ್ಚ ಒತ್ತಡದ ವಿದ್ಯುತ್ ಸಂಪರ್ಕ ಪಡೆದು ಸ್ವಂತ ಪರಿವರ್ತಕವನ್ನು ಸ್ಥಾಪಿಸಿಕೊಳ್ಳುವ ಅರ್ಜಿದಾರರು, ಸ್ಥಾವರಕ್ಕೆ ಚಾಲನೆ ನೀಡುವ ಮುನ್ನ ವಿದ್ಯುತ್ ಪರಿವೀಕ್ಷಕರ ಅನುಮೋದನೆಯನ್ನು ಪಡೆಯಬೇಕಾಗಿರುತ್ತದೆ. ಇದಕ್ಕಾಗಿ ಸಲ್ಲಿಸುವ ಪರೀಕ್ಷಾ ವರದಿಗಳಲ್ಲಿ ಭೂಸಂಪರ್ಕದ ರೋಧ, ಸುರುಳಿಗಳ ನಿರೋಧನ ಮೌಲ್ಯ ಇವುಗಳ ಜೊತೆಗೆ ಪರಿವರ್ತಕದ ಎಣ್ಣೆಯ ಪರೀಕ್ಷಾ ವರದಿಯೂ ಇರುತ್ತದೆ. ಮೊದಲಿನ ಎರಡರ ಅವಶ್ಯಕತೆಯು ಅರ್ಜಿದಾರರಿಗೆ ಸುಲಭವಾಗಿ ಮನದಟ್ಟಾಗುತ್ತದೆ. ಮೂರನೆಯದರ ವಿಷಯದಲ್ಲಿ ಮಾತ್ರ "ಎಣ್ಣೆ ಹೊಸದು, ಡಬ್ಬಿಯ ಮೊಹರು ಒಡೆದಿಲ್ಲ, ಮತ್ತೆ ಪರೀಕ್ಷೆ ಏಕೆ?" ಎಂಬ ಪ್ರಶ್ನೆ ಏಳುವುದು ಸಹಜ. ಜೊಯಿಡಾದಂತಹ ಮಳೆಯ ಸೀಮೆಯಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರುವುದು ಅವಶ್ಯಕ. ಉತ್ತರವು ಭೌತಶಾಸ್ತ್ರದ ಒಂದು ಸ್ವಾರಸ್ಯಕರ ನಿಯಮದಲ್ಲಿದೆ. ಆವೇಶವೇ ಇಲ್ಲದ ಕಣವನ್ನೂ ವಿದ್ಯುತ್ ಕ್ಷೇತ್ರವು ತನ್ನತ್ತ ಎಳೆಯಬಲ್ಲದು ಎಂಬುದೇ ಆ ನಿಯಮ.

ಜೊಯಿಡಾ ಮತ್ತು ವಿದ್ಯುತ್ತು

ಇಂದಿನ ಜೊಯಿಡಾ ತಾಲ್ಲೂಕು ಹಿಂದೆ ಸೂಪಾ ತಾಲ್ಲೂಕು ಎಂದು ಕರೆಯಲ್ಪಡುತ್ತಿತ್ತು. ಕಾಳಿ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟೆ ಕಟ್ಟಿದಾಗ ಹಳೆಯ ಸೂಪಾ ಪೇಟೆಯು ಜಲಾಶಯದಲ್ಲಿ ಮುಳುಗಡೆಯಾಗಿ, ತಾಲ್ಲೂಕು ಕೇಂದ್ರವು ಜೊಯಿಡಾಕ್ಕೆ ಸ್ಥಳಾಂತರವಾಯಿತು. ಅಣೆಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ ಸಾಮರ್ಥ್ಯ 100 ಮೆಗಾವಾಟ್. ಅದೇ ನೀರು ಕೆಳಗೆ ಹರಿದು ನಾಗಝರಿ, ಕೊಡಸಳ್ಳಿ ಹಾಗೂ ಕದ್ರಾ ವಿದ್ಯುದಾಗಾರಗಳಲ್ಲಿಯೂ ವಿದ್ಯುತ್ ಉತ್ಪಾದನೆಗೆ ಬಳಕೆಯಾಗುತ್ತದೆ. ಇಷ್ಟು ವಿದ್ಯುತ್ತಿಗೆ ನೀರು ಕೊಟ್ಟ ತಾಲ್ಲೂಕಿನ ಒಳಗಿನ ಮಜಿರೆಗಳಲ್ಲಿ ಆಷಾಢ–ಶ್ರಾವಣಗಳಲ್ಲಿ ದೀಪವಾರುವುದು ವಿಪರ್ಯಾಸವೇ ಸರಿ. ಆದರೆ ಉತ್ಪಾದನೆ ಬೇರೆ, ವಿತರಣೆ ಬೇರೆ. ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) 11 ಕಿಲೋವೋಲ್ಟ್ ಮಾರ್ಗಗಳು ಇಲ್ಲಿ ದಟ್ಟ ಕಾಡಿನ ನಡುವೆ ಹಾದು, ದೂರದೂರವಿರುವ ಕೆಲವೇ ಮನೆಗಳನ್ನು ತಲುಪಬೇಕಾಗಿದೆ. ಮಾರ್ಗದ ಮೇಲೆ ಮರ ಬಿದ್ದರೆ ಹುಡುಕಿ ತೆಗೆಯಬಹುದು, ತಂತಿ ಹರಿದರೆ ಜೋಡಿಸಬಹುದು. ಪರಿವರ್ತಕವೇ (ಜನರ ಮಾತಿನಲ್ಲಿ "ಟಿ.ಸಿ.") ಸುಟ್ಟುಹೋದರೆ ಬದಲಿ ಪರಿವರ್ತಕವನ್ನು ಕೆಸರಿನ ದಾರಿಯಲ್ಲಿ ಸಾಗಿಸಬೇಕಾಗುತ್ತದೆ. ಅಷ್ಟು ದಿನ ಕುಡಿಯುವ ನೀರಿನ ಪಂಪೂ ನಿಲ್ಲುತ್ತದೆ, ಹಿಟ್ಟಿನ ಗಿರಣಿಯೂ ನಿಲ್ಲುತ್ತದೆ.

ಪರಿವರ್ತಕದ ಒಳಗೆ ಏನಿದೆ?

ವಿತರಣಾ ಪರಿವರ್ತಕವು 11,000 ವೋಲ್ಟ್ ಒತ್ತಡವನ್ನು 433 ವೋಲ್ಟಿಗೆ ಇಳಿಸುತ್ತದೆ. ಇದರ ಉಕ್ಕಿನ ತೊಟ್ಟಿಯೊಳಗೆ ಕಬ್ಬಿಣದ ತಿರುಳು, ಅದರ ಸುತ್ತ ಕಾಗದ ಸುತ್ತಿದ ತಂತಿಯ ಸುರುಳಿಗಳು ಇರುತ್ತವೆ. ಇವೆಲ್ಲವೂ ಖನಿಜ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆಗೆ ಎರಡು ಕೆಲಸಗಳಿವೆ. ಸುರುಳಿಯ ಶಾಖವನ್ನು ಹೊರಗೆ ಸಾಗಿಸುವುದು ಒಂದು; ಉಚ್ಚ ಒತ್ತಡದ ಭಾಗಕ್ಕೂ ಇತರ ಭಾಗಗಳಿಗೂ ನಡುವೆ ವಿದ್ಯುತ್ ನುಗ್ಗದಂತೆ ತಡೆಗೋಡೆಯಾಗಿ ನಿಲ್ಲುವುದು ಇನ್ನೊಂದು. ಈ ಭಾಗಗಳ ನಡುವಿನ ಅಂತರವು ಕೆಲವೇ ಮಿಲಿಮೀಟರುಗಳಾಗಿರುವುದರಿಂದ ಎರಡನೆಯ ಕೆಲಸದಲ್ಲಿ ಲೋಪಕ್ಕೆ ಅವಕಾಶವಿಲ್ಲ.

ಶುದ್ಧವಾದ, ಒಣಗಿದ ಎಣ್ಣೆಯು ಈ ಕೆಲಸವನ್ನು ಹತ್ತಾರು ವರ್ಷ ಮಾಡಬಲ್ಲದು. ಅದೇ ಎಣ್ಣೆಗೆ ಅತ್ಯಲ್ಪ ಪ್ರಮಾಣದ ನೀರು ಮತ್ತು ಕಾಗದದ ನಾರಿನ ಚೂರುಗಳು ಸೇರಿದರೆ ತಡೆಯುವ ಶಕ್ತಿಯು ಅರ್ಧಕ್ಕೂ ಕೆಳಗೆ ಇಳಿಯಬಹುದು. ಒಂದು ಕೊಡ ಹಾಲಿಗೆ ಹನಿ ನೀರು ಬಿದ್ದರೆ ಹಾಲಿನ ಗುಣ ಕೆಡುವುದಿಲ್ಲ. ಹಾಗಿರುವಾಗ ಎಣ್ಣೆಯಲ್ಲಿ ದಶಲಕ್ಷಕ್ಕೆ ಐವತ್ತು–ಅರುವತ್ತು ಭಾಗ ನೀರು ಇಷ್ಟು ಹಾನಿ ಮಾಡುವುದು ಹೇಗೆ? ಆ ನೀರು ಎಣ್ಣೆಯಲ್ಲಿ ಸಮನಾಗಿ ಹರಡಿಕೊಂಡೇ ಉಳಿದಿದ್ದರೆ ಬಹುಶಃ ಇಷ್ಟೊಂದು ಮಾಡಲಾರದು. ಅದು ಹಾಗೆ ಉಳಿಯುವುದಿಲ್ಲ. ಎಲ್ಲಿ ಇರಬಾರದೋ ಅಲ್ಲಿಗೇ ಹೋಗಿ ಸೇರಿಕೊಳ್ಳುತ್ತದೆ.

ಜಮಾ–ಖರ್ಚು ಸರಿಯಿದ್ದರೂ ಸೆಳೆತವೇಕೆ?

ವಸ್ತುವಿನಲ್ಲಿ ಧನ ಆವೇಶ ಮತ್ತು ಋಣ ಆವೇಶಗಳು ಸಮನಾಗಿದ್ದರೆ ಅದನ್ನು ತಟಸ್ಥ ಎನ್ನುತ್ತಾರೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಜಮಾ ಮತ್ತು ಖರ್ಚು ಸಮನಾಗಿದ್ದು ಶಿಲ್ಕು ಸೊನ್ನೆಯಾಗಿರುತ್ತದೆ. ಆದರೆ ಶಿಲ್ಕು ಸೊನ್ನೆ ಎಂದ ಮಾತ್ರಕ್ಕೆ ಪುಸ್ತಕದಲ್ಲಿ ಬಾಬುಗಳೇ ಇಲ್ಲವೆಂದು ಅರ್ಥವಲ್ಲ. ಜಮೆಯ ಬಾಬು ಒಂದು ಪುಟದಲ್ಲಿ, ಖರ್ಚಿನ ಬಾಬು ಎದುರು ಪುಟದಲ್ಲಿ ಇರುತ್ತವೆ. ನೀರಿನ ಅಣುವೂ ಹೀಗೆಯೇ. ಅದರ ಆಮ್ಲಜನಕದ ಬದಿಯು ಸ್ವಲ್ಪ ಋಣವಾಗಿಯೂ ಎರಡು ಜಲಜನಕಗಳ ಬದಿಯು ಸ್ವಲ್ಪ ಧನವಾಗಿಯೂ ಇರುತ್ತದೆ. ಹೀಗೆ ಎರಡು ತುದಿಗಳುಳ್ಳ ಅಣುವಿಗೆ ದ್ವಿಧ್ರುವ ಎಂದು ಹೆಸರು.

ಈ ದ್ವಿಧ್ರುವವನ್ನು ಎಲ್ಲೆಡೆಯೂ ಒಂದೇ ಬಲವುಳ್ಳ ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ ಧನ ತುದಿಯನ್ನು ಒಂದು ಕಡೆಗೂ ಋಣ ತುದಿಯನ್ನು ವಿರುದ್ಧ ಕಡೆಗೂ ಸಮನಾದ ಬಲವು ಎಳೆಯುತ್ತದೆ. ಅಣುವು ದಿಕ್ಕು ತಿರುಗಿಸಿಕೊಂಡು ನಿಲ್ಲುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ. ಕ್ಷೇತ್ರವು ಒಂದು ಬದಿಯಲ್ಲಿ ಪ್ರಬಲ, ಇನ್ನೊಂದು ಬದಿಯಲ್ಲಿ ದುರ್ಬಲವಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಪ್ರಬಲ ಬದಿಯಲ್ಲಿರುವ ತುದಿಯ ಮೇಲಿನ ಎಳೆತ ಹೆಚ್ಚು, ಮತ್ತೊಂದರ ಮೇಲಿನದು ಕಡಿಮೆ. ಈ ವ್ಯತ್ಯಾಸವೇ ತಟಸ್ಥ ಕಣವನ್ನು ಚಲಿಸುವಂತೆ ಮಾಡುವ ಬಲ. ಸ್ವಭಾವತಃ ದ್ವಿಧ್ರುವವಲ್ಲದ ವಸ್ತುಗಳಲ್ಲಿಯೂ ಕ್ಷೇತ್ರದ ಪ್ರಭಾವದಿಂದ ಆವೇಶಗಳು ತುಸು ಸರಿದು ತಾತ್ಕಾಲಿಕ ದ್ವಿಧ್ರುವ ಉಂಟಾಗುತ್ತದೆ. ಒಣಕೂದಲು ಬಾಚಿದ ಪ್ಲಾಸ್ಟಿಕ್ ಹಣಿಗೆಯು ಕಾಗದದ ಚೂರುಗಳನ್ನು ಮೇಲೆತ್ತುವುದೂ, ಹಳೆಯ ಗಾಜಿನ ಪರದೆಯ ದೂರದರ್ಶನ ಪೆಟ್ಟಿಗೆಗೆ ಧೂಳು ಅಂಟುತ್ತಿದ್ದುದೂ ಬಹುಮಟ್ಟಿಗೆ ಇದರಿಂದಲೇ.

ಇಲ್ಲಿ ಗಮನಿಸಬೇಕಾದ ಒಂದು ಮುಖ್ಯ ಅಂಶವಿದೆ. ನಮ್ಮ ಮನೆಗಳಿಗೆ ಬರುವುದು ಸೆಕೆಂಡಿಗೆ 50 ಆವರ್ತನೆಗಳ ಪರ್ಯಾಯ ವಿದ್ಯುತ್. ಅದರ ದಿಕ್ಕು ಸೆಕೆಂಡಿಗೆ ನೂರು ಬಾರಿ ಬದಲಾಗುತ್ತದೆ. ಆವೇಶವುಳ್ಳ ಕಣವೊಂದು ಇಂತಹ ಕ್ಷೇತ್ರದಲ್ಲಿ ಅತ್ತಿತ್ತ ನಡುಗುತ್ತ ಇದ್ದಲ್ಲಿಯೇ ಉಳಿಯುತ್ತದೆ. ತಟಸ್ಥ ಕಣದ ವಿಷಯ ಹಾಗಲ್ಲ. ಕ್ಷೇತ್ರದ ದಿಕ್ಕು ಬದಲಾದಾಗ ಅದರ ದ್ವಿಧ್ರುವದ ದಿಕ್ಕೂ ಬದಲಾಗುತ್ತದೆ. ಎರಡೂ ಒಟ್ಟಿಗೆ ತಿರುಗುವುದರಿಂದ ಸೆಳೆತವು ಯಾವಾಗಲೂ ಪ್ರಬಲ ಕ್ಷೇತ್ರದ ಕಡೆಗೇ ಇರುತ್ತದೆ. ಪರ್ಯಾಯ ವಿದ್ಯುತ್ತಾಗಿರುವುದರಿಂದ ಎಳೆತವಿಲ್ಲ ಎಂಬ ಭಾವನೆ ಆದುದರಿಂದ ಸರಿಯಲ್ಲ. ಅಮೆರಿಕದ ಹರ್ಬರ್ಟ್ ಪೋಲ್ ಎಂಬ ವಿಜ್ಞಾನಿಯು 1951ರಲ್ಲಿ ಈ ಬಗೆಯ ಚಲನೆಗೆ ಡೈಎಲೆಕ್ಟ್ರೋಫೋರೆಸಿಸ್ ಎಂಬ ಹೆಸರನ್ನು ನೀಡಿದರು.

ಎಣ್ಣೆಯೊಳಗಿನ ಸೇತುವೆ

ಕಣವು ಯಾವ ಕಡೆಗೆ ಹೋಗುತ್ತದೆ ಎಂಬುದು ಅದರ ಮತ್ತು ಸುತ್ತಲಿನ ದ್ರವದ ಡೈಎಲೆಕ್ಟ್ರಿಕ್ ಸ್ಥಿರಾಂಕಗಳನ್ನು ಅವಲಂಬಿಸಿದೆ. ವಸ್ತುವು ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ ಇದು. ಪರಿವರ್ತಕದ ಎಣ್ಣೆಗೆ ಇದರ ಬೆಲೆ ಸುಮಾರು 2.2. ನೀರಿಗೆ ಸುಮಾರು 80. ಒದ್ದೆಯಾದ ಕಾಗದದ ನಾರಿನದೂ ಎಣ್ಣೆಗಿಂತ ಬಹಳ ಹೆಚ್ಚು. ಹೆಚ್ಚು ಸ್ಥಿರಾಂಕವುಳ್ಳ ಕಣವು ಪ್ರಬಲ ಕ್ಷೇತ್ರದ ಕಡೆಗೂ ಕಡಿಮೆ ಸ್ಥಿರಾಂಕವುಳ್ಳದ್ದು ದುರ್ಬಲ ಕ್ಷೇತ್ರದ ಕಡೆಗೂ ತಳ್ಳಲ್ಪಡುತ್ತದೆ. ಆದುದರಿಂದ ಗಾಳಿಯ ಗುಳ್ಳೆಯನ್ನು ಕ್ಷೇತ್ರವು ದೂರ ಸರಿಸುತ್ತದೆ. ನೀರಿನ ಹನಿಯನ್ನೂ ಒದ್ದೆ ನಾರನ್ನೂ ಹತ್ತಿರಕ್ಕೆ ಕರೆಯುತ್ತದೆ.

ಪರಿವರ್ತಕದಲ್ಲಿ ಕ್ಷೇತ್ರವು ಅತ್ಯಂತ ಪ್ರಬಲವಾಗಿರುವುದು ಉಚ್ಚ ಒತ್ತಡದ ಸುರುಳಿಯ ಅಂಚುಗಳಲ್ಲಿ ಮತ್ತು ಜೋಡಣೆಯ ಮೊನೆಗಳಲ್ಲಿ. ಕಾಪಾಡಬೇಕಾದ ಜಾಗವೂ ಅದೇ. ಎಣ್ಣೆಯಲ್ಲಿ ತೇಲುತ್ತಿರುವ ಸೂಕ್ಷ್ಮ ಹನಿಗಳು, ನಾರುಗಳು ಅಲ್ಲಿಗೆ ಸರಿದು ಬರುತ್ತವೆ. ಬಂದ ನಾರು ಕ್ಷೇತ್ರದ ದಿಕ್ಕಿಗೆ ನೇರವಾಗಿ ನಿಲ್ಲುತ್ತದೆ. ಅದರ ತುದಿಯಲ್ಲಿ ಕ್ಷೇತ್ರವು ಮತ್ತಷ್ಟು ಪ್ರಬಲವಾಗಿ ಮುಂದಿನ ನಾರನ್ನು ಎಳೆಯುತ್ತದೆ. ಒಂದರ ತುದಿಗೆ ಇನ್ನೊಂದು ಅಂಟಿಕೊಂಡು, ಇರುವೆಗಳು ಸಾಲುಗಟ್ಟಿದಂತೆ, ಒಂದು ವಾಹಕದಿಂದ ಇನ್ನೊಂದಕ್ಕೆ ಸೇತುವೆ ಏರ್ಪಡುತ್ತದೆ. ಒದ್ದೆಯಾದ ಈ ಸೇತುವೆಯ ಮೂಲಕ ಸಣ್ಣ ಪ್ರವಾಹ ಹರಿದು, ಬಿಸಿಯಾಗಿ, ಆವಿಯ ಗುಳ್ಳೆ ಎದ್ದು, ಕೊನೆಗೆ ಕಿಡಿ ಹಾರುತ್ತದೆ. ಗಾಜಿನ ಪರೀಕ್ಷಾ ಪಾತ್ರೆಯಲ್ಲಿ ನಾರುಗಳು ಹೀಗೆ ಸಾಲುಗೂಡುವುದನ್ನು ಬರಿಗಣ್ಣಿನಿಂದಲೂ ಕಾಣಬಹುದು. ತೊಟ್ಟಿಯೊಳಗೆ ನಡೆದಾಗ ಯಾರಿಗೂ ಕಾಣುವುದಿಲ್ಲ; ಟಿ.ಸಿ. ಸುಟ್ಟಿತು ಎಂದಷ್ಟೇ ತಿಳಿಯುತ್ತದೆ.

ನೀರಿನ ಒಂಟಿ ಅಣುವನ್ನು ಕ್ಷೇತ್ರವು ಹೀಗೆ ಎಳೆದು ತರುತ್ತದೆಯೇ ಎಂದರೆ, ಎಣ್ಣೆಯಲ್ಲಿ ಅದು ಸಾಧ್ಯವಾಗದು. 2.5 ಮಿಲಿಮೀಟರ್ ಅಂತರಕ್ಕೆ 30 ಕಿಲೋವೋಲ್ಟ್ ಕೊಟ್ಟಾಗಲೂ ಒಂದು ಅಣುವಿನ ಮೇಲೆ ಕ್ಷೇತ್ರಕ್ಕಿರುವ ಹಿಡಿತದ ಶಕ್ತಿಯು, ಕೋಣೆಯ ಉಷ್ಣತೆಯಲ್ಲಿ ಆ ಅಣುವನ್ನು ಅತ್ತಿತ್ತ ತಳ್ಳಾಡುವ ಶಾಖಶಕ್ತಿಯ ಸುಮಾರು ಐವತ್ತನೆಯ ಒಂದು ಪಾಲು ಮಾತ್ರ. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬರು ಕೈಸನ್ನೆ ಮಾಡಿ ಕರೆದಂತೆ. ಆದರೆ ಒಂದು ಮೈಕ್ರಾನ್ ವ್ಯಾಸದ ಹನಿಯಲ್ಲಿ ಸುಮಾರು 1,700 ಕೋಟಿ ಅಣುಗಳಿರುತ್ತವೆ. ಅಷ್ಟೂ ಒಟ್ಟಾಗಿ ಸ್ಪಂದಿಸಿದಾಗ ಕ್ಷೇತ್ರದ ಕೈ ಮೇಲಾಗುತ್ತದೆ. ಹೀಗಾಗಿ ಎಣ್ಣೆಯಲ್ಲಿ ಕರಗಿರುವ ನೀರಿಗಿಂತ ಹನಿಯಾಗಿ ಬೇರ್ಪಟ್ಟ ನೀರು ಮತ್ತು ನಾರು ಹೀರಿಕೊಂಡ ನೀರು ಹೆಚ್ಚು ಅಪಾಯಕಾರಿ.

ಮಳೆಗಾಲದಲ್ಲಿ ಅಪಾಯ ಹೆಚ್ಚಲು ಕಾರಣ

ಪರಿವರ್ತಕವು ಉಸಿರಾಡುತ್ತದೆ ಎಂಬ ಮಾತು ಕೇವಲ ಉಪಮೆಯಲ್ಲ. ಭಾರ ಹೆಚ್ಚಾದಾಗ ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ, ಮೇಲಿನ ಗಾಳಿ ಹೊರಹೋಗುತ್ತದೆ. ತಣಿದಾಗ ಎಣ್ಣೆ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ನೂರು ಲೀಟರ್ ಎಣ್ಣೆ 40 ಡಿಗ್ರಿಯಷ್ಟು ತಣಿದರೆ ಸುಮಾರು 3 ಲೀಟರ್ ಗಾಳಿ ಒಳಗೆ ಬರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ಪೂರ್ಣ ತುಂಬಿದ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಆ ಲೆಕ್ಕದಲ್ಲಿ 3 ಲೀಟರ್ ಗಾಳಿಯಲ್ಲಿರುವ ನೀರು ಒಂದು ಗ್ರಾಮಿನ ಹದಿನಾಲ್ಕನೆಯ ಒಂದು ಪಾಲು. ಎಣ್ಣೆಯ ತೂಕಕ್ಕೆ ಹೋಲಿಸಿದರೆ ದಶಲಕ್ಷಕ್ಕೆ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಒಂದು ದಿನದ ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೆ ಜೊಯಿಡಾ, ಅಣಶಿ, ಕ್ಯಾಸಲ್‌ರಾಕ್ ಕಡೆಗಳಲ್ಲಿ ಗಾಳಿಯು ತಿಂಗಳುಗಟ್ಟಲೆ ತೇವದಿಂದಲೇ ಕೂಡಿರುತ್ತದೆ. ಒಳಬಂದ ತೇವವೆಲ್ಲವೂ ಎಣ್ಣೆಗೇ ಸೇರುವುದಿಲ್ಲವಾದರೂ, ದಿನದಿನದ ಸಣ್ಣ ಜಮೆಯು ಎರಡು ತಿಂಗಳಲ್ಲಿ ಕಡೆಗಣಿಸಲಾಗದ ಮೊತ್ತವಾಗಬಲ್ಲದು.

ಇದನ್ನು ತಡೆಯಲು ಇರುವುದೇ ಬ್ರೀದರ್. ಒಳಬರುವ ಗಾಳಿಯು ಸಿಲಿಕಾ ಜೆಲ್ ಹರಳುಗಳ ಮೂಲಕ ಹಾದು ಬರುತ್ತದೆ. ಹರಳಿನ ಅಸಂಖ್ಯ ಸೂಕ್ಷ್ಮ ರಂಧ್ರಗಳ ಮೈಮೇಲೆ ನೀರಿನ ಅಣುಗಳು ಅಂಟಿಕೊಳ್ಳುತ್ತವೆ. ಇಲ್ಲಿಯೂ ಕೆಲಸ ಮಾಡುವುದು ನೀರಿನ ಅಣುವಿನ ಧನ–ಋಣ ತುದಿಗಳೇ ಎಂಬುದು ಗಮನಾರ್ಹ. ತೊಟ್ಟಿಯೊಳಗೆ ಶತ್ರುವಾದ ಗುಣವೇ ಬಾಗಿಲಲ್ಲಿ ಮಿತ್ರನಾಗಿದೆ. ಒಣಗಿದ ನೀಲಿ ಹರಳು ತೇವ ಕುಡಿದು ತಿಳಿಗುಲಾಬಿಯಾದರೆ ಅದನ್ನು ಬದಲಾಯಿಸಬೇಕು ಇಲ್ಲವೇ ಕಾಯಿಸಿ ಒಣಗಿಸಬೇಕು. ಇತ್ತೀಚೆಗೆ ಬಳಕೆಯಲ್ಲಿರುವ ಕಿತ್ತಳೆ ಬಣ್ಣದ ಹರಳುಗಳು ತೇವಗೊಂಡಾಗ ಹಸಿರಾಗುತ್ತವೆ.

ಎರಡನೆಯ ಕಾರಣವು ಇದಕ್ಕಿಂತ ಸೂಕ್ಷ್ಮವಾದುದು. ಬಿಸಿ ಎಣ್ಣೆಯಲ್ಲಿ ಹೆಚ್ಚು ನೀರು ಕರಗಿರಬಲ್ಲದು, ತಣ್ಣನೆಯ ಎಣ್ಣೆಯಲ್ಲಿ ಕಡಿಮೆ. ಮರ ಬಿದ್ದು ಮೂರು–ನಾಲ್ಕು ದಿನ ವಿದ್ಯುತ್ ನಿಲುಗಡೆಯಾದಾಗ ಪರಿವರ್ತಕವು ಪೂರ್ಣ ತಣಿದು, ಕರಗಿದ್ದ ನೀರು ಹನಿಗಳಾಗಿ ಬೇರ್ಪಡುತ್ತದೆ. ಮಾರ್ಗ ಸರಿಯಾಗಿ ಮರಳಿ ವಿದ್ಯುತ್ ಹರಿಸಿದ ಕೂಡಲೇ ಕ್ಷೇತ್ರವು ಆ ಹನಿಗಳನ್ನು ಸೇತುವೆ ಕಟ್ಟಲು ಕರೆಯುತ್ತದೆ. "ಕರೆಂಟು ಬಂತು, ಬಂದ ಕೂಡಲೇ ಟಿ.ಸಿ. ಹೋಯಿತು" ಎಂಬ ದೂರು ಬಂದಲ್ಲಿ ಇದೂ ಒಂದು ಕಾರಣವಾಗಿರಬಹುದು. ಸಿಡಿಲು, ಮಿತಿಮೀರಿದ ಭಾರ, ಎಣ್ಣೆ ಸೋರಿಕೆ ಇವೂ ಕಾರಣಗಳೇ. ಎಲ್ಲವನ್ನೂ ತೇವದ ಮೇಲೆ ಹಾಕುವುದು ನ್ಯಾಯವಲ್ಲ.

ಎಣ್ಣೆಯ ಪರೀಕ್ಷೆ ನಡೆಯುವ ಕ್ರಮ

ಈ ಪರೀಕ್ಷೆಯನ್ನು ಬಿ.ಡಿ.ವಿ. ಪರೀಕ್ಷೆ ಎಂದು ಕರೆಯುತ್ತಾರೆ. ಎಣ್ಣೆಯ ಮಾದರಿಯನ್ನು ಪಾತ್ರೆಯಲ್ಲಿ ಹಾಕಿ, ಅದರಲ್ಲಿ ಮುಳುಗಿರುವ ಎರಡು ಲೋಹದ ಗುಂಡುಗಳ ನಡುವೆ 2.5 ಮಿಲಿಮೀಟರ್ ಅಂತರವಿಟ್ಟು, ಒತ್ತಡವನ್ನು ಸೆಕೆಂಡಿಗೆ 2 ಕಿಲೋವೋಲ್ಟಿನಂತೆ ಏರಿಸುತ್ತಾ ಹೋಗುತ್ತಾರೆ. ಕಿಡಿ ಹಾರಿದ ಒತ್ತಡವನ್ನು ಬರೆದುಕೊಳ್ಳುತ್ತಾರೆ. ಆರು ಬಾರಿ ಹೀಗೆ ಮಾಡಿ ಸರಾಸರಿಯನ್ನು ತೆಗೆಯಬೇಕು. ಆರರಲ್ಲಿ ಅತಿ ಹೆಚ್ಚಿನ ಒಂದನ್ನು ಮಾತ್ರ ನಮೂದಿಸಿದ ವರದಿಯು ಪರೀಕ್ಷಾ ವರದಿ ಎನಿಸುವುದಿಲ್ಲ. ಭಾರತೀಯ ಮಾನಕ 1866ರ ಪ್ರಕಾರ 72.5 ಕಿಲೋವೋಲ್ಟಿಗಿಂತ ಕೆಳಗಿನ ದರ್ಜೆಯ, ಬಳಕೆಯಲ್ಲಿರುವ ಪರಿವರ್ತಕದ ಎಣ್ಣೆಯ ಸರಾಸರಿಯು 30 ಕಿಲೋವೋಲ್ಟಿಗೆ ಕಡಿಮೆಯಿರಬಾರದು. ಹೊಸದಾಗಿ ಚಾಲನೆಗೊಳ್ಳುವ ಪರಿವರ್ತಕದಲ್ಲಿ ಶೋಧಿಸಿ ಒಣಗಿಸಿದ ಎಣ್ಣೆಯಿಂದ ಇದಕ್ಕಿಂತ ಸಾಕಷ್ಟು ಹೆಚ್ಚಿನ ಬೆಲೆಯನ್ನು ನಿರೀಕ್ಷಿಸಲಾಗುತ್ತದೆ.

ಮೊಹರಾದ ಡಬ್ಬಿಯ ಎಣ್ಣೆಯನ್ನೂ ಏಕೆ ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಈಗ ಉತ್ತರ ಸ್ಪಷ್ಟವಾಗಿದೆ. ಪರೀಕ್ಷೆ ಡಬ್ಬಿಯ ಎಣ್ಣೆಗಲ್ಲ, ತೊಟ್ಟಿಗೆ ಸುರಿದು ಸುರುಳಿಯ ಕಾಗದದೊಡನೆ ಬೆರೆತ ಎಣ್ಣೆಗೆ. ಮಾದರಿಯನ್ನು ತೊಟ್ಟಿಯ ತಳದ ಕವಾಟದಿಂದ ತೆಗೆಯುವುದು ಇದೇ ಕಾರಣಕ್ಕೆ. ನೀರು ಎಣ್ಣೆಗಿಂತ ಭಾರವಾದುದರಿಂದ ತಳ ಸೇರುತ್ತದೆ. ಮಳೆ ಸುರಿಯುತ್ತಿರುವಾಗ ಮಾದರಿ ತೆಗೆಯಬಾರದು. ಒದ್ದೆ ಸೀಸೆ, ಕೈಯ ಬೆವರು, ಒರೆಸಿದ ಹತ್ತಿ ಬಟ್ಟೆಯ ಎಳೆ ಇವಿಷ್ಟೇ ಸಾಕು, ಒಳ್ಳೆಯ ಎಣ್ಣೆಯೂ ಅನುತ್ತೀರ್ಣವಾಗುತ್ತದೆ. ಜೊಯಿಡಾದಲ್ಲಿ ಸ್ವಂತ ಪರಿವರ್ತಕವನ್ನು ಸ್ಥಾಪಿಸುವ ರೆಸಾರ್ಟ್, ಗಿರಣಿ ಮುಂತಾದವರು ಸಾಧ್ಯವಾದಷ್ಟೂ ಮೇ ತಿಂಗಳೊಳಗೆ ಈ ಕೆಲಸವನ್ನು ಮುಗಿಸಿಕೊಳ್ಳುವುದು ಅನುಕೂಲಕರ. ಜುಲೈನಲ್ಲಿ ಒಣ ಮಾದರಿ ತೆಗೆಯುವ ಒಂದು ದಿನವನ್ನು ಕಾಯುವುದೇ ಕಷ್ಟವಾಗುತ್ತದೆ.

ಬೆಲೆ ಕಡಿಮೆ ಬಂದರೆ ಎಣ್ಣೆಯನ್ನು ಎಸೆಯಬೇಕಾಗಿಲ್ಲ. ಶೋಧಕ ಯಂತ್ರದಲ್ಲಿ ಬಿಸಿ ಮಾಡಿ, ನಿರ್ವಾತದಲ್ಲಿ ಹಾಯಿಸಿದರೆ ನೀರು ಆವಿಯಾಗಿ ಹೊರಬೀಳುತ್ತದೆ, ನಾರು ಶೋಧಕದಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಎಣ್ಣೆಯ ವಿವರವಾದ ಪರೀಕ್ಷೆಗಳಿಗೆ ವ್ಯವಸ್ಥೆಯಿದೆ.

ಇದೇ ನಿಯಮದ ಬೇರೆ ಉಪಯೋಗಗಳು

ಕಚ್ಚಾತೈಲ ಶುದ್ಧೀಕರಣ ಕಾರ್ಖಾನೆಗಳಲ್ಲಿ ತೈಲದೊಡನೆ ಬೆರೆತ ಉಪ್ಪುನೀರಿನ ಸೂಕ್ಷ್ಮ ಹನಿಗಳನ್ನು ವಿದ್ಯುತ್ ಕ್ಷೇತ್ರದಿಂದ ಒಂದಕ್ಕೊಂದು ಕೂಡಿಸಿ, ದೊಡ್ಡ ಹನಿಗಳಾಗಿ ಕೆಳಗಿಳಿಸುತ್ತಾರೆ. ಪರಿವರ್ತಕದಲ್ಲಿ ಹಾನಿಕರವಾದುದು ಅಲ್ಲಿ ದುಡಿಮೆಗೆ ಬಳಕೆಯಾಗಿದೆ.

ಒಂಟಿ ಅಣುವನ್ನೇ ನಿಯಂತ್ರಿಸುವ ಸಾಧನೆಯೂ ಆಗಿದೆ. ಅದಕ್ಕೆ ಎಣ್ಣೆಯ ನೂಕುನುಗ್ಗಲು ಇಲ್ಲದ ನಿರ್ವಾತ ಬೇಕು. ಅಮೆರಿಕದ ಚಾರ್ಲ್ಸ್ ಟೌನ್ಸ್ ಮತ್ತು ಸಂಗಡಿಗರು 1954ರಲ್ಲಿ ರಚಿಸಿದ ಮೇಸರ್ ಉಪಕರಣದಲ್ಲಿ ಅಮೋನಿಯಾ ಅಣುಗಳನ್ನು ವಿದ್ಯುತ್ ಕ್ಷೇತ್ರದಿಂದಲೇ ವಿಂಗಡಿಸಲಾಗಿತ್ತು. 1999ರಲ್ಲಿ ನೆದರ್ಲೆಂಡ್ಸ್ ದೇಶದ ಬೆಥ್ಲೆಮ್, ಬರ್ಡನ್ ಮತ್ತು ಮೈಯರ್ ಎಂಬ ವಿಜ್ಞಾನಿಗಳು ಇಂಗಾಲದ ಮಾನಾಕ್ಸೈಡ್ ಅಣುಗಳ ವೇಗವನ್ನು ಸೆಕೆಂಡಿಗೆ 225 ಮೀಟರಿನಿಂದ 98 ಮೀಟರಿಗೆ ಇಳಿಸಿದರು. ಅವರು ಆಯ್ದುಕೊಂಡ ಸ್ಥಿತಿಯಲ್ಲಿದ್ದ ಅಣುಗಳಿಗೆ ಪ್ರಬಲ ಕ್ಷೇತ್ರವು ಏರುದಾರಿ ಇದ್ದಂತೆ. ಎಂಜಿನ್ ನಿಲ್ಲಿಸಿದ ಬಸ್ಸು ಅಣಶಿ ಘಟ್ಟವನ್ನು ಏರುತ್ತಾ ವೇಗ ಕಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಅದನ್ನು ಮರಳಿ ಪಡೆಯುತ್ತದೆ. ಬಸ್ಸು ನೆತ್ತಿಗೆ ಬಂದ ಕ್ಷಣವೇ ಘಟ್ಟವನ್ನೇ ಮಾಯ ಮಾಡಿ ಮುಂದೆ ಇನ್ನೊಂದು ಘಟ್ಟವನ್ನು ಇಟ್ಟರೆ? ಕ್ಷೇತ್ರವನ್ನು ಸರಿಯಾದ ಕ್ಷಣದಲ್ಲಿ ಆರಿಸಿ, ಮುಂದೆ ಹೊತ್ತಿಸಿ, ಹೀಗೆ 63 ಹಂತಗಳಲ್ಲಿ ಅಣುಗಳ ಚಲನಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಕಳೆಯಲಾಯಿತು.

ಗ್ರಾಹಕರಿಗೆ ಸೂಚನೆಗಳು

ಹೆಸ್ಕಾಂ ಪರಿವರ್ತಕಗಳ ಬ್ರೀದರ್, ಎಣ್ಣೆಯ ಮಟ್ಟ ಇವುಗಳ ನಿರ್ವಹಣೆ ಕಂಪನಿಯ ಜವಾಬ್ದಾರಿ. ಸಾರ್ವಜನಿಕರು ಬೇಲಿಯ ಹೊರಗೆ ನಿಂತು ನೋಡಿದರೂ ಸಾಕಷ್ಟು ತಿಳಿಯುತ್ತದೆ. ಬ್ರೀದರಿನ ಹರಳು ಬಣ್ಣ ಬದಲಾಗಿದ್ದರೆ, ಬ್ರೀದರೇ ಕಳಚಿದ್ದರೆ, ತೊಟ್ಟಿಯಿಂದ ಎಣ್ಣೆ ಸೋರುತ್ತಿದ್ದರೆ ಸಮೀಪದ ಶಾಖಾ ಕಚೇರಿಗೆ ಅಥವಾ 1912 ದೂರವಾಣಿಗೆ ತಿಳಿಸಬಹುದು. ಮಳೆ ಹಿಡಿಯುವ ಮುನ್ನ ತಿಳಿಸಿದರೆ ಹೆಚ್ಚು ಪ್ರಯೋಜನ. ಕಂಬವನ್ನು ಹತ್ತುವುದಾಗಲಿ, ಫ್ಯೂಸನ್ನು ತಾವೇ ಹಾಕುವುದಾಗಲಿ, ಹರಳನ್ನು ತಾವೇ ಬದಲಾಯಿಸುವುದಾಗಲಿ ಪ್ರಾಣಾಪಾಯಕಾರಿ. ಮಾರ್ಗದಲ್ಲಿ ವಿದ್ಯುತ್ ಇಲ್ಲವೆಂದು ಭಾವಿಸಿದ ಕ್ಷಣದಲ್ಲಿಯೇ ಅದು ಮರಳಿ ಬರಬಹುದು.

ಸ್ವಂತ ಪರಿವರ್ತಕವುಳ್ಳವರು ಹರಳಿನ ಬಣ್ಣ, ಎಣ್ಣೆಯ ಮಟ್ಟ ಮತ್ತು ಬಿ.ಡಿ.ವಿ. ಬೆಲೆಗಳನ್ನು ದಿನಾಂಕಸಹಿತ ಒಂದು ವಹಿಯಲ್ಲಿ ಬರೆದಿಡಬೇಕು. ಪರಿವೀಕ್ಷಣೆಯ ವೇಳೆಯಲ್ಲಿ ಹಿಂದಿನ ವರ್ಷದ ಅಂಕಿಗಳು ಈ ವರ್ಷದ ಅಂಕಿಯಷ್ಟೇ ಉಪಯುಕ್ತ. 55 ಇದ್ದುದು 38ಕ್ಕೆ ಇಳಿದಿದ್ದರೆ, ಮಿತಿಯೊಳಗಿದ್ದರೂ, ತೇವ ಎಲ್ಲಿಂದಲೋ ಒಳಸೇರುತ್ತಿದೆ ಎಂದು ಸಂಶಯಿಸಬೇಕು. ದೀರ್ಘ ನಿಲುಗಡೆಯ ನಂತರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ನಿರೋಧನ ಮೌಲ್ಯವನ್ನು ಪರೀಕ್ಷಿಸಿಯೇ ಪರಿವರ್ತಕವನ್ನು ಮರಳಿ ಚಾಲನೆಗೊಳಿಸತಕ್ಕದ್ದು. ವಿದ್ಯುತ್ ಅಪಘಾತ ಸಂಭವಿಸಿದಲ್ಲಿ ವಿದ್ಯುಚ್ಛಕ್ತಿ ಅಧಿನಿಯಮ 2003ರ ಪ್ರಕರಣ 161ರಂತೆ ವಿದ್ಯುತ್ ಪರಿವೀಕ್ಷಕರಿಗೆ ತಿಳುವಳಿಕೆ ನೀಡಬೇಕಾಗಿರುತ್ತದೆ.

ಅನುಮೋದನೆಗಾಗಿ ಅರ್ಜಿ ಸಲ್ಲಿಸುವವರು ಎಣ್ಣೆಯ ವರದಿಯಲ್ಲಿ ಮಾದರಿ ತೆಗೆದ ದಿನಾಂಕ, ಪರಿವರ್ತಕದ ಕ್ರಮಸಂಖ್ಯೆ, ಆರೂ ಬಾರಿಯ ಬೆಲೆಗಳು ಹಾಗೂ ಸರಾಸರಿ, ಪರೀಕ್ಷಿಸಿದವರ ಸಹಿ ಇವು ಇರುವುದನ್ನು ಖಚಿತಪಡಿಸಿಕೊಂಡು ಲಗತ್ತಿಸಲು ಕೋರಲಾಗಿದೆ.